ನಾವೇ ಮಾಡಿಕೊಂಡ ಕೋಣೆ

ಹೊಳೆನರಸೀಪುರ
೨೦.೧೧.೨೦೨೪

ಸಿದ್ದೇಶಣ್ಣನಿಗೆ ನಿನ್ನ ತಂಗಿಯ ನಮಸ್ಕಾರ.

ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡ. ಎದುರು ನಿಂತರೆ ನನಗೆ ಮಾತು ಹೊರಡುವುದಿಲ್ಲ, ನಿನಗೇ ಗೊತ್ತು. ನಿನ್ನ ಊಟದ ಡಬ್ಬಿಯ ಚೀಲದಲ್ಲಿ ಇಟ್ಟಿರುತ್ತೇನೆ. ಹಾಸನದ ಬಸ್ಸಿನಲ್ಲಿ ಓದಿಕೋ.

ಹಿತ್ತಿಲ ಕೋಣೆಯ ರಿಪೇರಿಗೆ ದಸರಾ ರಜೆಯಲ್ಲಿ ನಾವಿಬ್ಬರೂ ಕೂತು ಕೆಲಸ ಹಂಚಿಕೊಂಡೆವು. ಕೆಟ್ಟರೆ ಮತ್ತೆ ಮಾಡಬಹುದಾದದ್ದೆಲ್ಲ ನಮ್ಮದು. ಕೆಟ್ಟರೆ ಕರೆಂಟು ಹೊಡೆಯುವಂಥದ್ದು, ನೀರು ಸೋರುವಂಥದ್ದು ಕೆಲಸದವರದು ಎಂದೆ ನೀನು. ನನಗೂ ಸರಿ ಕಂಡಿತ್ತು. "ನಿನ್ ಪುಸ್ತಕದ ಕೋಣೆ ಕಣವ್ವ, ನಿನ್ ಕೈಯಾರೆ ಆಗ್ಲಿ" ಎಂದೂ ಹೇಳಿದೆ.

ಆ ಒಂದು ಮಾತಿಗೆ ಇಪ್ಪತ್ತು ದಿನ ಗೋಡೆ ಉಜ್ಜಿದೆ. ಬಿರುಕಿಗೆ ಪುಟ್ಟಿ ಮೆತ್ತಿ, ಉಪ್ಪುಕಾಗದದಲ್ಲಿ ತಿಕ್ಕಿ, ಎರಡು ಸಲ ಬಣ್ಣ ಬಳಿದೆ. ಪುಸ್ತಕದ ಹಲಗೆಯನ್ನು ನಾನು ಗುರುತು ಹಾಕಿದ್ದಕ್ಕಿಂತ ಒಂದು ಗೇಣು ಕೆಳಗೆ ಹೊಡೆಸಿದೆ ನೀನು. ಅದು ಅಮ್ಮನ ಕೈಗೆ ಎಟುಕುವ ಎತ್ತರ ಎಂದು ಆಗ ಹೊಳೆಯಲಿಲ್ಲ. ಎಂ.ಎ. ತರಗತಿಯಲ್ಲಿ ಸಾಲುಗಳ ನಡುವೆ ಓದುತ್ತಾಳೆಂದು ಹೊಗಳಿಸಿಕೊಂಡವಳು ನಾನು.

ನಿನ್ನೆ ಪ್ಲಂಬರ್ ಚೆನ್ನಯ್ಯ ಬಂದು, "ಒಲೆ ಎತ್ಲಾಗ್ ಇಕ್ತೀರವ್ವ? ಸಿಂಕಿನ ಪೈಪು ಅದ್ರ ಪಕ್ಕಕ್ಕೇ ಬತ್ತದೆ" ಎಂದು ಕೇಳಿದ. ಇದು ಪುಸ್ತಕದ ಕೋಣೆ, ಒಲೆ ಯಾಕೆ ಎಂದೆ.

"ತಾಯೋರ್ಗೆ ಬ್ಯಾರೆ ಒಲೆ ಅಂದ್ರಲ್ಲ ಸಿದ್ದೇಶಣ್ಣ" ಎಂದವನು ನನ್ನ ಮುಖ ನೋಡಿ, ತಲೆ ತಗ್ಗಿಸಿ ಗೋಡೆ ಕೊರೆಯತೊಡಗಿದ. ನನ್ನ ಬಣ್ಣವೆಲ್ಲ ಪುಡಿಯಾಗಿ ನೆಲಕ್ಕೆ ಬೀಳುತ್ತಿತ್ತು.

ನಮ್ಮ ಕಡೆ ಬೇರೆ ಒಲೆ ಎಂದರೆ ಏನೆಂದು ನಿನಗೆ ಬಿಡಿಸಿ ಹೇಳಬೇಕೆ? ಮನೆ ಎರಡಾಯಿತು ಎಂದೇ ಅರ್ಥ. ನೀನೂ ಪ್ರತಿಭಾ ಅತ್ತಿಗೆಯೂ ಅಮ್ಮನನ್ನು ಬೇರೆ ಇಡಲು ನಿಶ್ಚಯಿಸಿದ್ದರೆ, ಅದನ್ನು ನನಗೆ ತಿಳಿಸುವುದು ಚೆನ್ನಯ್ಯನ ಕೆಲಸವಾಗಿರಲಿಲ್ಲ. ನೀನೇ ಮಾಡಬೇಕಿದ್ದ ಕೆಲಸ ಅದೊಂದೇ. ಅಮ್ಮನನ್ನು ಹೊರಗಿಡುವ ಕೋಣೆಗೆ ನನ್ನ ಕೈಯಿಂದಲೇ ಬಣ್ಣ ಬಳಿಸಿದೆಯಲ್ಲ ಅಣ್ಣ. ಉಗುರಿನ ಸಂದಿಯಲ್ಲಿ ಇನ್ನೂ ಇದೆ, ಹೋಗುತ್ತಿಲ್ಲ.

ಇಂತಿ,
ಸೌಜನ್ಯ

ತಾ.ಕ.: ಚೀಲಕ್ಕೆ ಹಾಕುವ ಮುಂಚೆ ಇದನ್ನು ಅಮ್ಮನಿಗೆ ಓದಿ ಹೇಳಿದೆ. ಅವಳು ಅಳಲಿಲ್ಲ. ಬೇರೆ ಒಲೆ ಕೇಳಿದ್ದು ತಾನೇ ಅಂತೆ. ಸೊಸೆ ಬಡಿಸುವವರೆಗೆ ತಟ್ಟೆಯ ಮುಂದೆ ಕಾಯುವುದು ಸಾಕಾಗಿತ್ತಂತೆ. ಪುಸ್ತಕದ ಕೋಣೆ ಎಂಬ ಸುಳ್ಳನ್ನು ನಿನಗೆ ಹೇಳಿಕೊಟ್ಟವಳೂ ಅವಳೇ. "ದಿಟ ಗೊತ್ತಾಗಿದ್ರೆ ನೀ ಕೈ ಆಕ್ತಿರ್ನಿಲ್ಲ ಕಣವ್ವ" ಎಂದಳು. ಆಮೇಲೆ, "ಇನ್ಮ್ಯಾಲೆ ಯಾರ ಒಲೇಲಿ ಉಣ್ತೀಯ ಮಗಾ?" ಎಂದು ಕೇಳಿದಳು. ನೀನೂ ಕೇಳಬೇಡ.