ಮೂರನೇ ಲೋಟದ ನೀರು

ಅಕ್ಕಾ,

ಪಾಠಕ್ಕೆ ಸಾಲಾಗಿಟ್ಟ ಏಳು ಲೋಟಗಳಲ್ಲಿ ಮೂರನೆಯದಕ್ಕೆ ಕದ್ದು ನೀರು ಸುರಿದು ಶ್ರುತಿ ಸರಿಮಾಡಿದವಳು ನೀನೇ ಎಂದು ಗೊತ್ತಾಯಿತು. ಮಕ್ಕಳಿಗೆ ಮಟ್ಟು ಕಟ್ಟಲು ಕಲಿಸುವುದರಲ್ಲಿ ಮೂರು ಲೋಕಕ್ಕೂ ನಾನೊಬ್ಬನೇ. ಅಂಥವನ ಬೆನ್ನಿಗೆ ಒಡಹುಟ್ಟಿದವಳೇ ಚೂರಿ ಹಾಕಿದೆಯಲ್ಲ!

ಮಕ್ಕಳು ಹಾಡು ಕಟ್ಟಿದ್ದೇ ಆ ಲೋಟದ ಮೊದಲಿನ ಸೊಟ್ಟ ಸ್ವರದ ಮೇಲೆ. ನಿನ್ನೆ ಚಮಚದಿಂದ ಬಡಿದು ನೋಡಿ, “ಮಾಮಾ, ಇದು ನಮ್ ಹಾಡೇ ಅಲ್ಲ” ಎಂದು ಅತ್ತರು. ಆ ಕಣ್ಣೀರು ಹಿಡಿಯಲು ಇನ್ನೂ ಏಳು ಲೋಟ ಬೇಕಿತ್ತು.

ನಾನು ಹೊರಟೆ. ನಾಲ್ಕಕ್ಕೆ ಅವರು ಬರುತ್ತಾರೆ, ಬಾಗಿಲು ತೆಗೆ. ಅವರು ಸಾಕು ಎನ್ನುವವರೆಗೆ ಆ ಲೋಟದ ನೀರನ್ನು ಚಮಚ ಚಮಚವಾಗಿ ತೆಗೆ. ನಿನ್ನ ಕಿವಿಯ ಮಾತು ಕೇಳಬೇಡ.

ಆಗುವಂತಿದ್ದರೆ ನಾನೇ ಮಾಡಿಡುತ್ತಿದ್ದೆ. ಬೆಳಗಿನಿಂದ ಸಾವಿರ ಸಲ ಬಡಿದೆ, ಅಕ್ಕಾ. ಜಗತ್ತಿಗೊಂದೇ ಆದ ಈ ಕಿವಿಗೆ ಅವರ ಸ್ವರ ಮತ್ತೆ ಸಿಗಲಿಲ್ಲ.