ಒಂದೇ ಕೈಯಲ್ಲಿ ಮಡಚುವಂಥದ್ದು

ನವೆಂಬರ್ ೧೪, ಗುರುವಾರ

ನಾಳೆ ಅಕ್ಕನ ಡಯಾಲಿಸಿಸ್. ಮೊನ್ನೆ ಆಸ್ಪತ್ರೆಯಿಂದ ಬಂದವಳೇ, "ಇನ್ನು ನಾನು ಬರಲ್ಲ. ನಾಲ್ಕು ಗಂಟೆ ಸೂರು ನೋಡ್ತಾ ಬಿದ್ಕೊಂಡಿರೋಕೆ ಆಗಲ್ಲ" ಅಂದಿದ್ದಳು. ಅದಕ್ಕೇ, ಅಲ್ಲಿ ಮಲಗಿದಲ್ಲೇ ಗೇಮ್ ಆಡಲಿ ಅಂತ ಇವತ್ತು ಒಂದು ಲ್ಯಾಪ್‌ಟಾಪ್ ಕೊಂಡು ತಂದೆ. ಮೊದಲೆಲ್ಲ ಕಂಪ್ಯೂಟರಿನ ಕಾರ್ ರೇಸಿನಲ್ಲಿ ಅವಳು ನನಗೆ ಮಣ್ಣು ಮುಕ್ಕಿಸುತ್ತಿದ್ದಳು.

ಅಂಗಡಿಯವನು ಮೊದಲು ತೋರಿಸಿದ್ದು ಇಟ್ಟಿಗೆಯಷ್ಟು ಭಾರ, ಬೆಲೆ ನನ್ನ ಎರಡು ತಿಂಗಳ ಸಂಬಳ. ಪರದೆ ಪೂರ್ತಿ ಹಿಂದಕ್ಕೆ ಮಡಚಿ ಬೆರಳಲ್ಲೇ ಮುಟ್ಟಿ ಆಡಬಹುದಾದ, ನನ್ನ ಕೈಗೆಟುಕುವಂಥವು ಎರಡೇ ಇದ್ದವು. ಅಕ್ಕನ ಎಡಗೈಗೆ ಸೂಜಿ ಚುಚ್ಚಿರುತ್ತಾರೆ, ಅಲುಗಾಡಿಸುವಂತಿಲ್ಲ. ನಾನೂ ಎಡಗೈ ಬೆನ್ನ ಹಿಂದಿಟ್ಟು ಬಲಗೈಯೊಂದರಲ್ಲೇ ಮಡಚಿ ನೋಡಿದೆ. ಒಂದು ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಇನ್ನೊಂದು ಸಲೀಸಾಗಿ ಮಡಚಿಕೊಂಡಿತು.

"ಮೇಡಂ, ಅದ್ರಲ್ಲಿ ದೊಡ್ಡ ಗೇಮ್ ಓಡಲ್ಲ. ಆಮೇಲೆ ನನ್ನ ಬೈಬೇಡಿ."

"ಸಣ್ಣದು ಓಡಿದ್ರೆ ಸಾಕಪ್ಪ" ಅಂದೆ.

ಮನೆಯಲ್ಲಿ ಅಕ್ಕ ಕಣ್ಣೆತ್ತಿಯೂ ನೋಡಲಿಲ್ಲ. "ಯಾಕೆ ದುಡ್ಡು ಹಾಳು ಮಾಡ್ದೆ?" ಎಂದು ಗೋಡೆಗೆ ಮುಖ ತಿರುಗಿಸಿದಳು. ಊಟವಾದ ಮೇಲೆ ಬೇಕಂತಲೇ ಅವಳ ಪಕ್ಕ ಕೂತು ಕಾರು ಓಡಿಸಿದೆ. ಮೂರು ಸಲ ಕಂಬಕ್ಕೆ ಗುದ್ದಿದೆ.

"ಥೂ, ಕೊಡೇ ಇಲ್ಲಿ!"

ಒಂದು ಗಂಟೆ ಆಡಿದಳು. ನಾಳೆಯ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗ ಮಲಗಲು ಹೋಗುವಾಗ ಬಾಗಿಲಲ್ಲಿ ನಿಂತು, "ಬೆಳಿಗ್ಗೆ ಚಾರ್ಜರ್ ಮರೀಬೇಡ ಕಣೇ" ಅಂದಳು.

"ಹೂಂ" ಅಂದೆ, ಅಷ್ಟೇ. ಇನ್ನೊಂದು ಮಾತಾಡಿದರೆ ಎಲ್ಲಿ ಮನಸ್ಸು ಬದಲಾಯಿಸಿಬಿಡುತ್ತಾಳೋ ಎಂದು ಭಯ.