ಮಂಚದಿಂದ ಇಳಿದು

9 ಫೆಬ್ರವರಿ

ಪ್ರೀತಿಯ ತಂಗಿ ಗುಬ್ಬಿಗೆ, ಅಕ್ಕನ ಆಶೀರ್ವಾದಗಳು.

ನಿನ್ನ ಹುಟ್ಟುಹಬ್ಬಕ್ಕೆ ತಲುಪಬೇಕಿದ್ದ ಪತ್ರ ಇದು. ಎರಡು ತಿಂಗಳು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನಾವಿಬ್ಬರೂ ಬಿಸಿಲು ಹೇಗಿದೆ, ಮಕ್ಕಳು ಹೇಗಿದ್ದಾರೆ ಎಂದು ಕೇಳಿಕೊಂಡು ಇಟ್ಟುಬಿಡುತ್ತೇವೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಎಡ ಎದೆಯಲ್ಲಿ ಗಂಟು. ಅಮ್ಮನಿಗೆ ಬಂದಿದ್ದ ರೋಗವೇ. ಬೇರೆಡೆಗೆ ಹರಡಿಲ್ಲ ಎಂದು ಎಲ್ಲ ಪರೀಕ್ಷೆಗಳೂ ಹೇಳಿವೆ. ಮೊದಲು ಕೀಮೋ, ವಾರಕ್ಕೊಂದರಂತೆ ಹನ್ನೆರಡು ಡ್ರಿಪ್. ಆಮೇಲೆ ಆಪರೇಷನ್. ಮಾರ್ಚ್ ಮೂರಕ್ಕೆ ಶುರು. ನೀನು ಈ ಸಾಲುಗಳನ್ನು ಎರಡೆರಡು ಸಲ ಓದುತ್ತೀಯ, ಗೊತ್ತು. ಓದು. ಓದಿ ಮುಂದಕ್ಕೆ ಬಾ.

ಡಾಕ್ಟರು ಒಳ್ಳೆಯವರು, ಏನನ್ನೂ ಮುಚ್ಚಿಡುವವರಲ್ಲ. ಕೂದಲು ಉದುರುತ್ತದೆ, ಹೊಟ್ಟೆ ತೊಳಸುತ್ತದೆ, ಸುಸ್ತಾಗುತ್ತದೆ ಎಂದು ಒಂದೊಂದಾಗಿ ಹೇಳುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆ. ಕೊನೆಗೆ, "ಈ ಔಷಧಿಗೆ ಕೆಲವರಿಗೆ ಬೆರಳ ತುದಿ, ಅಂಗಾಲು ಜೋಮು ಹಿಡಿಯುತ್ತೆ. ಕೆಲವರಿಗೆ ಅದು ಹಾಗೇ ಉಳಿದುಬಿಡುತ್ತೆ," ಎಂದರು. ಆಗ ತಲೆಯಾಡಿಸುವುದನ್ನು ಬಿಟ್ಟು ಬೆರಳು ನೋಡಿಕೊಂಡೆ.

ಇಪ್ಪತ್ತೇಳು ವರ್ಷದಿಂದ ಲ್ಯಾಬಿನಲ್ಲಿ ರಕ್ತ ತೆಗೆಯುತ್ತಿದ್ದೇನೆ. ನಾನು ನರ ಹುಡುಕುವುದು ಕಣ್ಣಿನಿಂದ ಎಂದು ಜನ ತಿಳಿದಿದ್ದಾರೆ. ಕಣ್ಣಿಗೆ ಕಾಣುವ ನರಕ್ಕೆ ಯಾರು ಬೇಕಾದರೂ ಚುಚ್ಚಿಯಾರು. ವಯಸ್ಸಾದವರಲ್ಲಿ, ವರ್ಷಗಟ್ಟಲೆ ಚುಚ್ಚಿಸಿಕೊಂಡವರಲ್ಲಿ ನರ ಒಳಗೆ ಅಡಗಿಬಿಟ್ಟಿರುತ್ತದೆ. ಅದು ಬೆರಳಿಗೆ ಮಾತ್ರ ಸಿಗುತ್ತದೆ, ಒತ್ತಿದರೆ ಅಷ್ಟೇ ಅಷ್ಟು ಪುಟಿಯುತ್ತದೆ. ಯಾರಿಗೂ ಸಿಗದಿದ್ದಾಗ "ಸೂಜಿಯಕ್ಕನ್ನ ಕರೀರಿ" ಎಂದು ವಾರ್ಡಿನಿಂದ ಫೋನ್ ಬರುತ್ತದೆ. ಆ ಬೆರಳು ಹೋದರೆ ನಾನು ಬಿಳಿ ಕೋಟು ಹಾಕಿಕೊಂಡ ಬರೀ ಹೆಂಗಸು.

"ಡಾಕ್ಟ್ರೇ, ಕೂದಲು ಹೋಗ್ಲಿ. ಬೆರಳು ಉಳಿಸ್ಕೊಳ್ಳೋಕೆ ಏನ್ ಮಾಡ್ಬೇಕು ಹೇಳಿ," ಎಂದೆ.

"ಗ್ಯಾರಂಟಿ ಕೊಡೋಕಾಗಲ್ಲ. ಆದ್ರೆ ಡ್ರಿಪ್‌ಗೆ ಮೊದಲೇ ಮೈ ಪಳಗಿಸ್ಕೊಂಡು, ನಡುವೆನೂ ವ್ಯಾಯಾಮ ಬಿಡದೇ ಇರೋರಿಗೆ ಸುಸ್ತು ಕಡಿಮೆ. ಜೋಮೂ ಕಡಿಮೆ ಆಗೋ ಸಾಧ್ಯತೆ ಇದೆ. ಇನ್ನೂ ಮೂರು ವಾರ ಇದೆಯಲ್ಲ, ಕೆಳಗೆ ಫಿಸಿಯೋ ರೂಮಿಗೆ ಹೋಗಿ," ಎಂದರು.

ಫಿಸಿಯೋ ರೂಮು ನೆಲಮಹಡಿಯ ಕೊನೆಯಲ್ಲಿ, ಮುರಿದ ಗಾಲಿಕುರ್ಚಿಗಳನ್ನು ಪೇರಿಸಿಟ್ಟ ಕೋಣೆಯ ಪಕ್ಕಕ್ಕಿದೆ. ಅಲ್ಲಿರುವಾಕೆ ನನಗೆ ಮಗಳಾಗುವ ವಯಸ್ಸಿನವಳು. ಕುತ್ತಿಗೆಯಲ್ಲಿ ಸರದ ಬದಲು ಸ್ಟಾಪ್‌ವಾಚು. ನಾನು ಗಡಿಯಾರದ ಮೇಡಂ ಎಂದು ಹೆಸರಿಟ್ಟಿದ್ದೇನೆ, ಎದುರಿಗೆ ಹೇಳಿಲ್ಲ. ಕಾರಿಡಾರಿನಲ್ಲಿ ಆರು ನಿಮಿಷ ನಡೆಸಿದಳು. ಮುನ್ನೂರ ನಲವತ್ತು ಮೀಟರ್. ಆಮೇಲೆ ಕೈ ಊರದೆ ಕುರ್ಚಿಯಿಂದ ಎದ್ದು ಕೂರಿ ಎಂದಳು. ಅರ್ಧ ನಿಮಿಷದಲ್ಲಿ ಒಂಬತ್ತು ಸಲ.

"ದಿನಾ ನಿಂತೇ ಕೆಲಸ ಮಾಡೋಳು ನಾನು," ಎಂದೆ, ಸ್ವಲ್ಪ ಅವಮಾನವಾಗಿತ್ತು.

"ನಿಂತೇ ಇದ್ರಿ, ಅಷ್ಟೇ. ಕಾಲಿಗೆ ಕೆಲಸ ಕೊಟ್ಟಿಲ್ಲ," ಎಂದಳು.

ಈಗ ದಿನಕ್ಕೆ ಎರಡು ಹೊತ್ತು ನಡಿಗೆ, ಮಾತಾಡಬಹುದು ಆದರೆ ಹಾಡಲಾಗದು ಎನ್ನುವಷ್ಟು ವೇಗದಲ್ಲಿ. ಕುರ್ಚಿಯಿಂದ ಏಳುವುದು, ಕೂರುವುದು. ಮಡಚಿದ ಕಂಬಳಿಯ ಮೇಲೆ ಒಂಟಿಕಾಲಿನಲ್ಲಿ ನಿಲ್ಲುವುದು. ಕಣ್ಣು ಮುಚ್ಚಿ ಅಕ್ಕಿಯ ಡಬ್ಬಿಯಲ್ಲಿ ಕೈಯಾಡಿಸಿ ಗುಂಡಿ, ಪಿನ್ನು, ಬೀಗದ ಕೈ ಹುಡುಕಿ ತೆಗೆಯುವುದು.

ನಿನ್ನ ಭಾವನಿಗೆ ಇದೊಂದೂ ಸೇರಿಲ್ಲ. ಪೊರಕೆ ಬಚ್ಚಿಟ್ಟಿದ್ದಾರೆ, ಬಟ್ಟೆ ಒಗೆಯಲು ಬಿಡುವುದಿಲ್ಲ. ಹೊಸ ಹಾಸಿಗೆ, ಮೂರು ದಿಂಬು ತಂದು, ಕಿಟಕಿಯ ಪಕ್ಕ ಮಂಚ ಎಳೆದು ಹಾಕಿದ್ದಾರೆ. ನಾನು ಮೆಟ್ಟಿಲು ಹತ್ತಲು ಹೊರಟರೆ, "ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದೋನು ನಾನು. ಜನ ಮೆಟ್ಟಿಲು ಹತ್ತದೇ ಇರಲಿ ಅಂತ್ಲೇ ದುಡಿದೆ. ನನ್ನ ಹೆಂಡ್ತಿ ನೋಡಿದ್ರೆ ಲಿಫ್ಟ್ ಇದ್ರೂ ಮೆಟ್ಟಿಲು ಹತ್ತೋಳು," ಎನ್ನುತ್ತಾರೆ.

ನೀನು ಬರುತ್ತೇನೆ ಎಂದು ಹೊರಡಬೇಡ. ನಿನ್ನ ಸ್ಕೂಲ್ ವ್ಯಾನು ಯಾರು ಓಡಿಸುತ್ತಾರೆ? ಆ ಮಕ್ಕಳಿಗೆಲ್ಲ ನನ್ನ ಆಶೀರ್ವಾದ.

ನಿನ್ನ,
ಅಕ್ಕ


10 ಏಪ್ರಿಲ್

ಗುಬ್ಬಿ,

ನಿನ್ನ ಎರಡೂ ಪತ್ರ ಬಂದವು. ಉತ್ತರಿಸದಿದ್ದಕ್ಕೆ ಕ್ಷಮಿಸು. ಪೆನ್ನು ಹಿಡಿಯಲು ಆಗದೆ ಅಲ್ಲ, ಪೆನ್ನು ಈಗಲೂ ಚೆನ್ನಾಗಿಯೇ ಹಿಡಿಯುತ್ತೇನೆ, ಅಕ್ಷರ ನೋಡು. ಹೇಳುವಂಥದ್ದು ಏನೂ ಇರಲಿಲ್ಲ. ಸುಸ್ತನ್ನು ಏನೆಂದು ಬರೆಯಲಿ?

ಐದು ಡ್ರಿಪ್ ಮುಗಿದವು. ಮೂರನೆಯದರ ಹೊತ್ತಿಗೆ ಕೂದಲು ಹೋಯಿತು. ನಿನ್ನ ಭಾವ ತಮ್ಮ ಬೋಳುತಲೆ ತೋರಿಸಿ, "ಈಗ ಜೋಡಿ ಸರಿಹೋಯ್ತು," ಎಂದರು. ಆಮೇಲೆ ಬಾತ್‌ರೂಮಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದರು.

ಡ್ರಿಪ್ ಹಾಕಿದ ಎರಡನೇ ದಿನ, ಮೂರನೇ ದಿನ ಕಷ್ಟ. ಮೈಯೊಳಗೆ ಒದ್ದೆ ಮರಳು ತುಂಬಿದ ಹಾಗೆ. ನಾಲ್ಕನೆಯದಾದ ಮೂರನೇ ದಿನ ನಾನು ಏಳಲೇ ಇಲ್ಲ. ಮಧ್ಯಾಹ್ನ ಗಡಿಯಾರದ ಮೇಡಂ ಫೋನ್ ಮಾಡಿದಳು. "ಇವತ್ತು ಆಗಲ್ಲ ಕಣಮ್ಮ," ಎಂದೆ. ಅವಳು ವಾದ ಮಾಡಲಿಲ್ಲ. "ಜ್ವರ ಇದೆಯಾ? ತಲೆ ಸುತ್ತುತ್ತಾ? ಉಸಿರು ಕಟ್ಟುತ್ತಾ?" ಎಂದು ಕೇಳಿದಳು. ಯಾವುದೂ ಇಲ್ಲ. "ಹಾಗಾದ್ರೆ ಐದು ನಿಮಿಷ. ಬಾಗಿಲ ತನಕ ಹೋಗಿ, ವಾಪಸ್ ಬನ್ನಿ. ಐದು ನಿಮಿಷ ಆದ್ಮೇಲೂ ಬೇಡ ಅನ್ನಿಸಿದ್ರೆ ಮಲಗಿ, ನಾನೇನೂ ಅನ್ನಲ್ಲ," ಎಂದಳು.

ಎದ್ದೆ. ನಿನ್ನ ಭಾವ ಅಡ್ಡ ನಿಂತರು. "ಮಲಗು, ನನ್ನ ಮಾತು ಕೇಳು. ಇಷ್ಟು ಸುಸ್ತಾಗಿರೋಳನ್ನ ನಡೆಸೋದು ಯಾವ ವೈದ್ಯ?"

"ರೀ, ದಾರಿ ಬಿಡಿ."

"ನಾನು ಹೊಸದಾಗಿ ಏನು ಮಾಡ್ತಿದೀನಿ? ನಿಮ್ಮಮ್ಮನ್ನ ನೀನೂ ಹೀಗೇ ನೋಡ್ಕೊಂಡೆ ಅಲ್ವಾ? ಮಂಚದಿಂದ ಇಳಿಯೋಕೂ ಬಿಡ್ತಿರ್ಲಿಲ್ಲ. ನಿನ್ನ ನೋಡಿ ಕಲ್ತಿದ್ದು ನಾನು."

ಅವರನ್ನು ಸರಿಸಿಕೊಂಡು ಹೊರಗೆ ನಡೆದೆ.

ನಮ್ಮ ಮಹಡಿಯ ಕಾರಿಡಾರು ಈ ತುದಿಯಿಂದ ಆ ತುದಿಗೆ ಅರವತ್ತೆರಡು ಹೆಜ್ಜೆ. ಒಂದು ಸುತ್ತು ಮುಗಿಸಿ ತಿರುಗಿದರೆ, ನಿನ್ನ ಭಾವ ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಹಿಂದೆಯೇ ಬರುತ್ತಿದ್ದಾರೆ, ನಾನು ಕುಸಿದರೆ ಕೂಡಿಸಲು. ಎದುರುಮನೆಯ ಅಜ್ಜಿ ಬಾಗಿಲು ತೆಗೆದು ನೋಡಿ, "ಕುರ್ಚಿ ಮಾರೋಕಾ?" ಎಂದರು. "ಮಾರೋಕಲ್ಲ ಅಜ್ಜಿ, ಇವಳು ನಿಂತ ಕಡೆ ಹಾಕೋಕೆ," ಎಂದರು ಇವರು, ಮುಖ ಊದಿಸಿಕೊಂಡೇ. ನನಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಗೋಡೆಗೆ ಒರಗಿದೆ, ಅವರು ಗಾಬರಿಯಿಂದ ಕುರ್ಚಿ ಹಾಕಿಯೇ ಬಿಟ್ಟರು. ಅವತ್ತು ನಾಲ್ಕು ಸುತ್ತು ಹಾಕಿದೆ. ಸಂಜೆ ಎದ್ದು ಎರಡು ಮೊಟ್ಟೆ ತಿಂದೆ. ಮರಳು ಪೂರ್ತಿ ಹೋಗಿರಲಿಲ್ಲ, ಕಾಲು ಎತ್ತುವಷ್ಟು ಹಗುರವಾಗಿತ್ತು.

ಮರುವಾರ ನಾನೇ ಹುರುಪಿನಿಂದ ಆಸ್ಪತ್ರೆಗೆ ಹೋದರೆ, ರಕ್ತದ ರಿಪೋರ್ಟ್ ನೋಡಿ ಡ್ರಿಪ್ಪನ್ನೂ ನಿಲ್ಲಿಸಿದರು, ಗಡಿಯಾರದ ಮೇಡಂ ನಡಿಗೆಯನ್ನೂ ನಿಲ್ಲಿಸಿದಳು. ಬಿಳಿ ಕಣಗಳು ತೀರಾ ಇಳಿದಿದ್ದವು. ಜೊತೆಗೆ ಸಣ್ಣ ಜ್ವರ. "ಇವತ್ತು ನಡೆದ್ರೆ ಅದು ಧೈರ್ಯ ಅಲ್ಲ, ಹಟ," ಎಂದಳು. ನಾನು ಸಿಟ್ಟು ಮಾಡಿಕೊಂಡೆ. ಆದರೆ ಇಂಥ ದಿನ ಏಳಬೇಕು, ಇಂಥ ದಿನ ಮಲಗಬೇಕು ಎಂದು ಯಾರಾದರೂ ಬಿಡಿಸಿ ಹೇಳಿದ್ದು ಅದೇ ಮೊದಲು. ನನ್ನ ಮಟ್ಟಿಗೆ ಕಾಯಿಲೆಯವರು ಎಂದರೆ ಮಲಗಬೇಕಾದವರು, ಅಷ್ಟೇ ಇತ್ತು ಲೆಕ್ಕ. ಎಂಟು ದಿನ ಮಲಗಿ, ಐದನೇ ಡ್ರಿಪ್ ಹಾಕಿಸಿಕೊಂಡು, ಮತ್ತೆ ಅರವತ್ತೆರಡು ಹೆಜ್ಜೆ ಶುರು ಮಾಡಿದ್ದೇನೆ.

ಬೆರಳಿನ ಸುದ್ದಿ: ಬಲಗೈ ಕಿರುಬೆರಳು ಬೆಳಿಗ್ಗೆ ಹೊತ್ತು ಸ್ವಲ್ಪ ಮಂದ. ಉಳಿದವು ನನ್ನ ಮಾತು ಕೇಳುತ್ತಿವೆ. ಇನ್ನೂ ಏಳು ಡ್ರಿಪ್ ಇದೆ. ಅಕ್ಕಿ ಡಬ್ಬಿ ಬಿಡುವುದಿಲ್ಲ.

ನಿನ್ನ ಮಕ್ಕಳಿಬ್ಬರಿಗೂ ಒಳ್ಳೆಯದಾಗಲಿ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಕ್ಕ


10 ಜೂನ್

ಪ್ರೀತಿಯ ಗುಬ್ಬಿಗೆ,

ಆಶೀರ್ವಾದಗಳು. ಮತ್ತೆ ಎರಡು ತಿಂಗಳು ಕಾಯಿಸಿದೆ. ಈ ಸಲ ಕಾರಣ ಇದೆ, ಕೊನೆಯಲ್ಲಿ ಹೇಳುತ್ತೇನೆ.

ಹನ್ನೆರಡೂ ಮುಗಿದವು. ಮೇ ಇಪ್ಪತ್ತಾರಕ್ಕೆ ಕೊನೆಯದು. ಗಂಟು ಅರ್ಧಕ್ಕರ್ಧ ಕರಗಿದೆ ಎಂದು ಡಾಕ್ಟರು ಸ್ಕ್ಯಾನ್ ತೋರಿಸಿದರು. ಗಡಿಯಾರದ ಮೇಡಂ ಮತ್ತೆ ಆರು ನಿಮಿಷ ನಡೆಸಿದಳು, ಮುನ್ನೂರ ಎಪ್ಪತ್ತು ಮೀಟರ್. ಹನ್ನೆರಡು ಡ್ರಿಪ್ ಕುಡಿದ ಮೈಯಲ್ಲಿ, ಮೊದಲಿಗಿಂತ ಮೂವತ್ತು ಮೀಟರ್ ಜಾಸ್ತಿ. ಅವಳು ಬರೆದುಕೊಂಡಳು. ಬರೆಯುವಾಗ ನಗು ಬಾರದಂತೆ ತುಟಿ ಬಿಗಿಹಿಡಿದಿದ್ದಳು.

ಎಲ್ಲ ಸಿಹಿಯಾಗಿಯೇ ಹೇಳಿದರೆ ನೀನು ನಂಬುವುದಿಲ್ಲ. ಎರಡೂ ಅಂಗಾಲಿನ ಮುಂಭಾಗ ಜೋಮು ಹಿಡಿದಿದೆ, ಚಪ್ಪಲಿ ಕಳಚಿದ್ದು ಗೊತ್ತಾಗುವುದಿಲ್ಲ. ಒಮ್ಮೆ ಒಂದೇ ಚಪ್ಪಲಿಯಲ್ಲಿ ಔಷಧಿ ಅಂಗಡಿಗೆ ಹೋಗಿ ಬಂದೆ. ಬಲ ಕಿರುಬೆರಳು, ಉಂಗುರದ ಬೆರಳು ಮಂದವಾಗಿವೆ. ಕಡಿಮೆಯಾಗಬಹುದು, ಆಗದೆಯೂ ಇರಬಹುದು.

ಹೋದ ವಾರ ಲ್ಯಾಬಿಗೆ ಹೋಗಿದ್ದೆ. ಕೆಲಸಕ್ಕೆ ಸೇರಲು ಅಲ್ಲ, ಕೈ ಹೇಗಿದೆ ನೋಡಿಕೊಳ್ಳಲು. ನಮ್ಮ ಲ್ಯಾಬಿನ ಹಿರಿಯರು ನಿನಗೆ ಗೊತ್ತಲ್ಲ, ಮಾತು ಕಡಿಮೆ, ತೂಕ ಜಾಸ್ತಿ. ಅಂಗಿಯ ತೋಳು ಮಡಚಿ ಬಲಗೈಯನ್ನು ನನ್ನ ಮುಂದೆ ಚಾಚಿದರು. "ಬೇರೆಯವರ ಮೇಲೆ ಪ್ರಯೋಗ ಬೇಡ. ನನ್ನ ಕೈಗೇ ಚುಚ್ಚಿ. ಹೇಗೂ ನನ್ನ ಸಕ್ಕರೆ ನೋಡಿಸ್ಬೇಕು," ಎಂದರು. ಆ ದಪ್ಪ ಕೈಯಲ್ಲಿ ನರ ಎಂಬುದು ಇದೆಯೋ ಇಲ್ಲವೋ ಎಂದು ನಾವೆಲ್ಲ ಹಿಂದೆ ತಮಾಷೆ ಮಾಡುತ್ತಿದ್ದೆವು.

ಗ್ಲೌಸ್ ಹಾಕಿಕೊಂಡು ತೋರುಬೆರಳು ಇಟ್ಟೆ. ಏನೂ ಸಿಗಲಿಲ್ಲ. ಆದರೂ ಚುಚ್ಚಿದೆ, ತಪ್ಪಿತು. ಅವರು ಮುಖ ಕಿವುಚಲಿಲ್ಲ. ಸುತ್ತಲಿದ್ದವರು ಬೇಕೆಂದೇ ಬೇರೆ ಕಡೆ ನೋಡುತ್ತಿದ್ದರು. "ಇನ್ನೊಂದು ಕೈ ಇದೆಯಲ್ಲ," ಎಂದು ಎಡಗೈ ಕೊಟ್ಟರು. ಈ ಸಲ ಕಣ್ಣು ಮುಚ್ಚಿಕೊಂಡೆ. ಬೆರಳನ್ನು ನಿಧಾನವಾಗಿ ಇಟ್ಟೆ, ಎತ್ತಿದೆ, ಒಂದು ಎಳೆಯಷ್ಟು ಪಕ್ಕಕ್ಕೆ ಇಟ್ಟೆ. ಆಗ ಸಿಕ್ಕಿತು ಗುಬ್ಬಿ. ತುಂಬಾ ಆಳದಲ್ಲಿ, ಅಷ್ಟೇ ಅಷ್ಟು ಪುಟಿಯಿತು. ಸೂಜಿ ಹೋದ ಕೂಡಲೇ ಟ್ಯೂಬಿಗೆ ರಕ್ತ ಬಂತು.

"ಆಪರೇಷನ್ ಮುಗಿಸ್ಕೊಂಡು ಬನ್ನಿ," ಎಂದರು ಹಿರಿಯರು, ಹತ್ತಿ ಒತ್ತಿಕೊಂಡು. ಮೊದಲಿನ ಹಾಗೆ ಒಂದೇ ಸಲಕ್ಕೆ ಸಿಗದಿರಬಹುದು. ಎರಡನೇ ಸಲಕ್ಕೆ ಸಿಗುತ್ತದೆ. ಆ ಕೈ ಇಟ್ಟುಕೊಂಡು ಇನ್ನೂ ಏಳೆಂಟು ವರ್ಷ ದುಡಿಯಬಹುದು, ದುಡಿಯುತ್ತೇನೆ.

ನಿನ್ನ ಭಾವ ಕುರ್ಚಿ ಬಿಟ್ಟಿದ್ದಾರೆ. ಈಗ ಜೊತೆಯಲ್ಲೇ ನಡೆಯುತ್ತಾರೆ, ನನಗಿಂತ ಮೊದಲು ಏದುಸಿರು ಬಿಡುತ್ತಾರೆ. ಮಂಚವನ್ನು ಮೊದಲಿದ್ದ ಜಾಗಕ್ಕೆ ತಳ್ಳಿ, ಕಿಟಕಿಯ ಬಳಿ ಒಂಟಿಕಾಲಿನಲ್ಲಿ ನಿಲ್ಲಲು ನನಗೊಂದು ಹಿಡಿ ಜೋಡಿಸಿಕೊಟ್ಟಿದ್ದಾರೆ, ಲಿಫ್ಟಿನೊಳಗೆ ಇರುತ್ತದಲ್ಲ, ಅಂಥದ್ದು.

ಇಪ್ಪತ್ತೆರಡಕ್ಕೆ ಆಪರೇಷನ್. ಅಲ್ಲಿಯವರೆಗೆ ದಿನವೂ ನಡಿಗೆ ಇದೆ. ಆದ ಮಾರನೇ ದಿನವೇ ಎಬ್ಬಿಸುತ್ತಾರಂತೆ, ಏಳುತ್ತೇನೆ. ನೀನೂ ಮಕ್ಕಳೂ ನೂರು ಕಾಲ ಚೆನ್ನಾಗಿರಿ. ಸ್ಟೀರಿಂಗ್ ಹಿಡಿಯುವ ನಿನ್ನ ಕೈಗೆ, ಬ್ರೇಕ್ ಒತ್ತುವ ಕಾಲಿಗೆ ಯಾವ ನೋವೂ ಬಾರದಿರಲಿ.

ನಿನ್ನ,
ಅಕ್ಕ

ತಾ.ಕ.: ತಡವಾದದ್ದಕ್ಕೆ ಕಾರಣ ಇದು. ನಾಲ್ಕು ಸಲ ಬರೆದು ಹರಿದಿದ್ದೇನೆ.

ಒಂಬತ್ತು ವರ್ಷದ ಹಿಂದೆ ಅಮ್ಮನಿಗೆ ಕೀಮೋ ನಡೆಯುವಾಗ ನೀನು ರಜೆ ಹಾಕಿ ನಮ್ಮಲ್ಲಿಗೆ ಬಂದಿದ್ದೆ. ಮೂರನೇ ದಿನ ನಾನು ಡ್ಯೂಟಿ ಮುಗಿಸಿ ಬಂದರೆ ಅಮ್ಮ ಮಂಚದಲ್ಲಿಲ್ಲ. ಕೆಳಗೆ ಗೇಟಿನ ಕಟ್ಟೆಯ ಮೇಲೆ ನಿನ್ನ ಭುಜ ಹಿಡಿದು ಕೂತಿದ್ದಾಳೆ, ಏದುಸಿರು ಬಿಡುತ್ತಾ ನಗುತ್ತಿದ್ದಾಳೆ. ನಾನು ಎಲ್ಲರೆದುರು, "ಅಮ್ಮನ್ನ ಸಾಯಿಸೋಕೆ ಬಂದಿದೀಯಾ?" ಎಂದೆ. ನಿನ್ನ ಚೀಲ ಹೊರಗಿಟ್ಟೆ. ಇಷ್ಟು ನಿನಗೂ ಗೊತ್ತು.

ನಿನಗೆ ಗೊತ್ತಿಲ್ಲದ್ದು ಮುಂದಿನದು. ಆಮೇಲಿನ ನಾಲ್ಕು ತಿಂಗಳು, ಅಮ್ಮ ಹೋಗುವವರೆಗೂ, ನಾನು ಅವಳಿಗೆ ಲೋಟ ಕೂಡ ತಾನೇ ಹಿಡಿಯಲು ಬಿಡಲಿಲ್ಲ. ಅಮ್ಮ ದಿನಾ ಕೇಳುತ್ತಿದ್ದಳು, "ಗುಬ್ಬಿ ಯಾವಾಗ ಬರ್ತಾಳೆ? ಅವಳ ಜೊತೆ ಗೇಟಿನ ತನಕ ಹೋಗ್ಬೇಕು." ನೀನು ಫೋನ್ ಮಾಡಿದಾಗಲೆಲ್ಲ ಅಮ್ಮ ನಿದ್ದೆಯಲ್ಲಿದ್ದಾಳೆ ಎಂದೆ. ಅಮ್ಮನಿಗೆ, ನಿನಗೆ ಬಿಡುವಿಲ್ಲವಂತೆ ಎಂದೆ. ಎರಡೂ ಸುಳ್ಳು. ಅಮ್ಮ ನಿನ್ನ ಮೇಲೆ ಬೇಸರ ಇಟ್ಟುಕೊಂಡು ಹೋದಳು ಎಂದು ನೀನು ಇವತ್ತಿಗೂ ತಿಳಿದಿದ್ದೀಯ.

ಗಡಿಯಾರದ ಮೇಡಂಗೆ ಒಮ್ಮೆ ಎಲ್ಲ ಹೇಳಿದೆ. "ನಿಮ್ಮಮ್ಮನ್ನ ತಗೊಂಡು ಹೋಗಿದ್ದು ರೋಗ, ಮಂಚ ಅಲ್ಲ," ಎಂದಳು. ಒಪ್ಪುತ್ತೇನೆ. ಆದರೆ ಆ ನಾಲ್ಕು ತಿಂಗಳನ್ನು, ನಿನ್ನನ್ನು, ಅವಳಿಂದ ಕಿತ್ತುಕೊಂಡಿದ್ದು ರೋಗ ಅಲ್ಲ.

ಮೊದಲ ಪತ್ರದಲ್ಲಿ ಬರಬೇಡ ಎಂದಿದ್ದೆ. ನಿನ್ನ ಮುಖ ನೋಡುವ ಧೈರ್ಯ ಇರಲಿಲ್ಲ, ಅದಕ್ಕೆ. ಈಗ ಬಾ. ಬಯ್ಯುವುದಿದ್ದರೆ ಬಂದು ಬಯ್ಯಿ, ಫೋನಿನಲ್ಲಿ ಬೇಡ. ನಿಂತು ಕೇಳಿಸಿಕೊಳ್ಳುತ್ತೇನೆ.